ನಂಬಿಕೆ ಮೊದಲೋ, ನಡೆ ಮೊದಲೋ? ಯೆಹೂದಿ ಧರ್ಮದಲ್ಲಿ ದೇವರು ಮತ್ತು ಆಜ್ಞೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯೆಹೂದಿ ಧರ್ಮದ ಬಗ್ಗೆ ಓದಲು ಶುರು ಮಾಡಿದವರನ್ನು ಒಂದು ವಿಷಯ ಬೇಗ ಗೊಂದಲಕ್ಕೆ ತಳ್ಳುತ್ತದೆ. ದೇವರು ಒಬ್ಬನೇ ಅನ್ನುವುದಕ್ಕಾಗಿ ಪ್ರಾಣ ಕೊಟ್ಟ ಜನ ಇವರು. ಆದರೆ ಇವರ ಹಳೆಯ ಧರ್ಮಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದ್ ತೆರೆದರೆ ದೇವರು ಇದ್ದಾನೋ ಇಲ್ಲವೋ ಅನ್ನುವ ಚರ್ಚೆ ಕಾಣುವುದೇ ಅಪರೂಪ. ಶನಿವಾರ ಬೆಂಕಿ ಹೊತ್ತಿಸಬಹುದಾ, ದಾರಿಯಲ್ಲಿ ಸಿಕ್ಕ ಹಣ ಯಾರಿಗೆ ಸೇರಬೇಕು, ಪಕ್ಕದವನ ಎತ್ತು ಹಾಯ್ದರೆ ಪರಿಹಾರ ಎಷ್ಟು, ಇಂಥವೇ ಜಾಸ್ತಿ. ಹಾಗಾದರೆ ಈ ಧರ್ಮಕ್ಕೆ ನಂಬಿಕೆ ಮುಖ್ಯವೋ, ಆಚರಣೆ ಮುಖ್ಯವೋ? ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇನೆ.

ಮಿಟ್ಸ್ವಾ ಅಂದರೆ ಏನು? ನಿಜಕ್ಕೂ 613 ಇವೆಯಾ?

ದೇವರು ಕೊಟ್ಟ ಆಜ್ಞೆಯನ್ನು ಯೆಹೂದಿಗಳು ಮಿಟ್ಸ್ವಾ ಅನ್ನುತ್ತಾರೆ. ಹತ್ತು ಆಜ್ಞೆಗಳು ಎಲ್ಲರಿಗೂ ಗೊತ್ತು, ಆದರೆ ಯೆಹೂದಿಗಳ ಲೆಕ್ಕ 613. ತಾಲ್ಮುದ್‌ನ ಮಕ್ಕೋತ್ ಭಾಗದಲ್ಲಿ ರಬ್ಬಿ (ಧರ್ಮಗುರು) ಸಿಮ್ಲಾಯ್ ಈ ಲೆಕ್ಕ ಕೊಡುತ್ತಾರೆ. 'ಮಾಡಬೇಡ' ಅನ್ನುವಂಥವು 365, ವರ್ಷದ ದಿನಗಳಷ್ಟು. 'ಮಾಡು' ಅನ್ನುವಂಥವು 248, ದೇಹದ ಅಂಗಗಳಷ್ಟು. ಆದರೆ ಯಾವ ಯಾವುದು ಅಂತ ಅವರು ಪಟ್ಟಿ ಕೊಡಲಿಲ್ಲ. ಅದನ್ನು ಮಾಡಿದ್ದು ನಂತರದ ಪಂಡಿತರು, ಅವರಲ್ಲೇ ಒಮ್ಮತ ಇಲ್ಲ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಮೇಲೆ ಬಲಿ, ಯಾಜಕರ ಸೇವೆ ಎಲ್ಲ ನಿಂತುಹೋಯಿತು. ಹಾಗಾಗಿ ಇವತ್ತು ಪಾಲಿಸಲು ಸಾಧ್ಯವಿರುವ ಆಜ್ಞೆಗಳು ಒಟ್ಟು ಲೆಕ್ಕದ ಅರ್ಧಕ್ಕಿಂತಲೂ ಕಡಿಮೆ.

613ರ ಮಾತನ್ನು ಎಲ್ಲರೂ ಹೇಳುತ್ತಾರೆ. ಅದೇ ಪುಟದಲ್ಲಿ ಮುಂದೆ ಬರುವುದನ್ನು ಹೇಳುವವರು ಕಡಿಮೆ. ರಾಜ ದಾವೀದ ಇವನ್ನು 11ಕ್ಕೆ ತಂದು ನಿಲ್ಲಿಸಿದ, ಪ್ರವಾದಿಗಳಾದ ಯೆಶಾಯ 6ಕ್ಕೆ, ಮೀಕ 3ಕ್ಕೆ ಅಂತ ತಾಲ್ಮುದ್ ಇಳಿಸುತ್ತಾ ಹೋಗುತ್ತದೆ. ಕೊನೆಗೆ ಹಬಕ್ಕೂಕ ಪ್ರವಾದಿಯ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ನೀತಿವಂತ ತನ್ನ ನಂಬಿಕೆಯಿಂದ ಬದುಕುತ್ತಾನೆ. 613 ಆಜ್ಞೆಗಳ ಲೆಕ್ಕದಿಂದ ಹೊರಟ ಮಾತು ನಂಬಿಕೆಗೆ ಬಂದು ಮುಟ್ಟಿತು. ಹಾಗಂತ ಉಳಿದ 612 ರದ್ದಾದವು ಅಂತ ಯಾವ ರಬ್ಬಿಯೂ ಹೇಳಲಿಲ್ಲ. ಎರಡನ್ನೂ ಹೀಗೆ ಒಟ್ಟಿಗೆ ಹಿಡಿದಿರುವುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರಶ್ನೆಗಳು ಸುಲಭವಾಗುತ್ತವೆ.

ದೇವರನ್ನು ನಂಬು ಅನ್ನುವುದೇ ಒಂದು ಆಜ್ಞೆಯಾ?

ಈ ಪ್ರಶ್ನೆಯ ಮೇಲೆ ಯೆಹೂದಿ ಪಂಡಿತರು ನೂರಾರು ವರ್ಷ ಜಗಳವಾಡಿದ್ದಾರೆ. ನನ್ನ ಪ್ರಕಾರ ಈ ವಿಷಯದ ಜೀವಾಳವೇ ಇದು.

ಒಂದು ಕಡೆ ಮೈಮೊನಿಡಿಸ್. ಯೆಹೂದಿಗಳು ಪ್ರೀತಿಯಿಂದ ರಂಬಂ ಅನ್ನುವ ಇವರು ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ, ಈಜಿಪ್ಟಿನ ಫುಸ್ತಾತ್‌ನಲ್ಲಿ ವೈದ್ಯರಾಗಿ ಬದುಕಿ, 1204ರಲ್ಲಿ ತೀರಿಕೊಂಡರು. ಯೆಹೂದಿ ಕಾನೂನನ್ನೆಲ್ಲ 14 ಭಾಗಗಳಲ್ಲಿ ಕ್ರಮವಾಗಿ ಬರೆದಿಟ್ಟರು. ಆ ಕಾನೂನು ಪುಸ್ತಕ ಪ್ರಾರ್ಥನೆಯ ಹೊತ್ತಿನಿಂದಲೋ ಊಟದ ನಿಯಮದಿಂದಲೋ ಶುರುವಾಗುವುದಿಲ್ಲ. ಎಲ್ಲಕ್ಕೂ ಮೊದಲು ಇದ್ದವನೊಬ್ಬನಿದ್ದಾನೆ, ಇರುವುದೆಲ್ಲವೂ ಅವನಿಂದಲೇ ಇದೆ ಎಂದು ತಿಳಿಯುವುದೇ ಅಡಿಪಾಯಗಳ ಅಡಿಪಾಯ ಅನ್ನುವ ಮಾತಿನಿಂದ ಶುರುವಾಗುತ್ತದೆ. ಇದನ್ನು ತಿಳಿಯುವುದೇ ಮೊದಲ ಆಜ್ಞೆ ಅಂತ ಅವರು ಎಣಿಸಿದರು. ಆಧಾರ ಬೈಬಲಿನ ವಿಮೋಚನಕಾಂಡದ 20ನೇ ಅಧ್ಯಾಯ, ಐಗುಪ್ತ ಅಂದರೆ ಈಜಿಪ್ಟಿನ ದಾಸತ್ವದಿಂದ ಯೆಹೂದಿಗಳ ಹಿರಿಯರು ಹೊರಬಂದ ಕಥೆ ಇರುವ ಗ್ರಂಥ: "ನಿನ್ನನ್ನು ಐಗುಪ್ತದಿಂದ ಹೊರಗೆ ತಂದ ನಿನ್ನ ದೇವರಾದ ಕರ್ತನು ನಾನೇ." ಹೆಚ್ಚಿನ ಕ್ರೈಸ್ತರು ಇದನ್ನು ಹತ್ತು ಆಜ್ಞೆಗಳ ಪೀಠಿಕೆ ಅಂತ ಓದುತ್ತಾರೆ. ಯೆಹೂದಿಗಳ ಲೆಕ್ಕದಲ್ಲಿ ಹತ್ತರಲ್ಲಿ ಮೊದಲನೆಯದೇ ಇದು.

ಇನ್ನೊಂದು ಕಡೆ ಹಸ್ದಾಯ್ ಕ್ರೆಸ್ಕಾಸ್. ಇವರೂ ಸ್ಪೇನಿನವರೇ, ರಂಬಂ ತೀರಿಕೊಂಡ ಸುಮಾರು 200 ವರ್ಷದ ನಂತರ ಬರೆದವರು. 1391ರಲ್ಲಿ ಸ್ಪೇನಿನಲ್ಲಿ ಯೆಹೂದಿಗಳ ಮೇಲೆ ದಾಳಿಗಳಾದಾಗ ಬಾರ್ಸಿಲೋನಾದಲ್ಲಿ ಇವರ ಮಗನನ್ನು ಕೊಂದರು. ಇವರ ವಾದ ನೇರವಾಗಿದೆ. ಆಜ್ಞೆ ಅಂದಮೇಲೆ ಆಜ್ಞೆ ಕೊಡುವವನೊಬ್ಬ ಇರಲೇಬೇಕು. ಅವನಿದ್ದಾನೆ ಅಂತ ಮೊದಲೇ ಒಪ್ಪಿದವನಿಗೆ 'ನನ್ನನ್ನು ನಂಬು' ಅನ್ನುವ ಆಜ್ಞೆ ಬೇಕಾಗಿಲ್ಲ. ಒಪ್ಪದವನಿಗೆ ಆ ಆಜ್ಞೆ ಕೇಳಿಸುವುದೇ ಇಲ್ಲ. ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ನಂಬಿಕೆ ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಮನಸ್ಸಿಗೆ ಸರಿ ಕಂಡದ್ದನ್ನು ನಾವು ನಂಬುತ್ತೇವೆ, ಯಾರೋ ಹೇಳಿದರು ಅಂತ ನಂಬಲು ಆಗುವುದಿಲ್ಲ. ನಮ್ಮ ಕೈಯಲ್ಲಿಲ್ಲದ್ದನ್ನು ಮಾಡು ಅಂತ ಆಜ್ಞೆ ಕೊಡುವುದಾದರೂ ಹೇಗೆ?

ಕ್ರೆಸ್ಕಾಸ್ ಹೇಳಿದ್ದು ತರ್ಕಕ್ಕೆ ಸರಿಯಾಗಿದೆ. ಆದರೆ ರಂಬಂ ಕೇಳುತ್ತಿದ್ದದ್ದು ಬೇರೆಯದು ಅಂತ ನನಗೆ ಅನ್ನಿಸುತ್ತದೆ. ಅವರಿಗೆ ಇದು ಒಮ್ಮೆ 'ಹೂಂ' ಅಂದು ಮುಗಿಸುವ ವಿಷಯ ಅಲ್ಲ. ಜಗತ್ತನ್ನು ನೋಡಿ, ಓದಿ, ಯೋಚಿಸಿ ದೇವರನ್ನು ತಿಳಿಯುತ್ತಾ ಹೋಗುವುದು ಬದುಕಿಡೀ ನಡೆಯುವ ಕೆಲಸ. ಕೆಲಸವಾದರೆ ಆಜ್ಞೆ ಕೊಡಬಹುದು, ಅಲ್ವಾ?

9ನೇ ಶತಮಾನದ ಹಳೆಯ ಪಟ್ಟಿಯೊಂದರಲ್ಲಿ ನಂಬಿಕೆಯನ್ನು ಆಜ್ಞೆಯಾಗಿ ಎಣಿಸಿಯೇ ಇಲ್ಲ. ಯಾಕೆ ಅಂತ ವಿವರಿಸಿದವರು 13ನೇ ಶತಮಾನದ ಪಂಡಿತ ನಖ್ಮನಿಡಿಸ್. ನಂಬಿಕೆ ಬೇಡ ಅಂತಲ್ಲ, ಎಲ್ಲ ಆಜ್ಞೆಗಳೂ ನಿಂತಿರುವ ನೆಲ ಅದು, ನೆಲವನ್ನು ಮನೆಯ ಕೋಣೆಗಳ ಜೊತೆ ಎಣಿಸುವುದಿಲ್ಲ ಅನ್ನುವ ಅರ್ಥದಲ್ಲಿ. ತಮ್ಮ ಮಟ್ಟಿಗೆ ಅವರು ರಂಬಂ ಪಕ್ಷವನ್ನೇ ಹಿಡಿದರು.

ಹಾಗಾದರೆ ನಂಬಿಕೆ ಮೊದಲು, ಆಚರಣೆ ಆಮೇಲೆ. ಇಷ್ಟೇ ತಾನೇ?

ಅಷ್ಟು ಸರಳ ಇಲ್ಲ. ಎರಡೂ ಕಡೆ ಹಳೆಯ ಮಾತುಗಳಿವೆ.

ನಂಬಿಕೆ ಮೊದಲು ಅನ್ನುವುದಕ್ಕೆ ತಾಲ್ಮುದ್‌ಗೆ ಬುನಾದಿಯಾದ ಕಾನೂನು ಸಂಗ್ರಹ ಮಿಶ್ನಾದ ಬೆರಾಖೋತ್ ಭಾಗ ನೋಡಿ. ಯೆಹೂದಿಗಳು ದಿನಕ್ಕೆ ಎರಡು ಸಲ, ಬೆಳಗ್ಗೆ ಮತ್ತು ರಾತ್ರಿ, ಶೆಮಾ ಹೇಳುತ್ತಾರೆ: "ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು, ಕರ್ತನು ಒಬ್ಬನೇ." ಅದರ ಹಿಂದೆಯೇ ಆಜ್ಞೆಗಳನ್ನು ಪಾಲಿಸುವ ಬಗ್ಗೆ ಇನ್ನೊಂದು ಭಾಗ ಬರುತ್ತದೆ. ಈ ಕ್ರಮ ಯಾಕೆ ಅಂತ ಕೇಳಿ ರಬ್ಬಿ ಯೆಹೋಶುವ ಬೆನ್ ಕೊರ್ಖಾ ಉತ್ತರ ಹೇಳುತ್ತಾರೆ. ಮನುಷ್ಯ ಮೊದಲು ದೇವರ ರಾಜ್ಯದ ನೊಗಕ್ಕೆ ಹೆಗಲು ಕೊಡಬೇಕು, ಆಮೇಲೆ ಆಜ್ಞೆಗಳ ನೊಗಕ್ಕೆ. ಇದೇ ಅರ್ಥದ ಒಂದು ಹಳೆಯ ಕಥೆಯೂ ಇದೆ. ರಾಜನೊಬ್ಬ ಒಂದು ನಾಡಿಗೆ ಬರುತ್ತಾನೆ. ನಮಗೆ ಕಟ್ಟಳೆಗಳನ್ನು ಮಾಡಿಕೊಡು ಅಂತ ಪರಿವಾರದವರು ಕೇಳುತ್ತಾರೆ. ರಾಜ ಒಪ್ಪುವುದಿಲ್ಲ. ಮೊದಲು ಜನ ನನ್ನನ್ನು ರಾಜ ಅಂತ ಒಪ್ಪಲಿ, ನನ್ನನ್ನೇ ಒಪ್ಪದವರು ನನ್ನ ಕಟ್ಟಳೆ ಒಪ್ಪುತ್ತಾರಾ ಅನ್ನುತ್ತಾನೆ.

ಆಚರಣೆ ಮೊದಲು ಅನ್ನುವುದಕ್ಕೆ ದೇವರು ಆಜ್ಞೆಗಳನ್ನು ಕೊಟ್ಟ ಸೀನಾಯ್ ಬೆಟ್ಟದ ಬುಡಕ್ಕೆ ಹೋಗಬೇಕು. ಮೋಶೆ ಒಡಂಬಡಿಕೆಯ ಗ್ರಂಥವನ್ನು ಓದಿದಾಗ ಜನ ಹೇಳಿದ್ದು "ಮಾಡುತ್ತೇವೆ, ಕೇಳುತ್ತೇವೆ" ಅಂತ. ವಿಮೋಚನಕಾಂಡ 24ರಲ್ಲಿದೆ. ಮಾಡುವುದು ಮುಂದೆ, ಕೇಳಿ ತಿಳಿಯುವುದು ಹಿಂದೆ. ಈ ಕ್ರಮವನ್ನು ತಾಲ್ಮುದ್ ಹಾಡಿ ಹೊಗಳುತ್ತದೆ. 13ನೇ ಶತಮಾನದ ಸ್ಪೇನಿನಲ್ಲಿ ಹೆಸರು ಹೇಳದ ಒಬ್ಬ ತಂದೆ ತನ್ನ ಮಗನಿಗಾಗಿ ಆಜ್ಞೆಗಳನ್ನು ಒಂದೊಂದಾಗಿ ವಿವರಿಸಿ ಬರೆದ. ಮಗ ಕೇಳಬಹುದಾದ ಪ್ರಶ್ನೆಯನ್ನು ತಾನೇ ಎತ್ತುತ್ತಾನೆ: ಈಜಿಪ್ಟಿನಿಂದ ಹೊರಬಂದದ್ದನ್ನು ನೆನೆಯಲು ಇಷ್ಟೊಂದು ನಿಯಮ ಯಾಕೆ, ಒಂದು ಸಾಲದಾ? ಅವನ ಉತ್ತರ: ಮನುಷ್ಯ ತಾನು ಮಾಡುವ ಕೆಲಸಗಳಿಂದ ರೂಪುಗೊಳ್ಳುತ್ತಾನೆ, ಕೈ ಹೋದ ಹಿಂದೆ ಹೃದಯ ಹೋಗುತ್ತದೆ.

ನಾನು ಕಂಡುಕೊಂಡದ್ದು ಇಷ್ಟು. ಮಿಶ್ನಾ ಹೇಳುವ ಆ 'ಮೊದಲು ಒಪ್ಪುವುದು' ಕೂಡ ಸುಮ್ನೆ ತಲೆಯೊಳಗೆ ನಡೆಯುವಂಥದ್ದಲ್ಲ. ಅದಕ್ಕೆ ಹೊತ್ತು ಗೊತ್ತುಮಾಡಿದ್ದಾರೆ. ಅದನ್ನು ಬಾಯಿ ಬಿಟ್ಟು ಹೇಳುತ್ತಾರೆ. ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಮೊದಲ ಸಾಲು ಹೇಳುವುದು ರೂಢಿ. ಅಂದರೆ ದೇವರನ್ನು ಒಪ್ಪುವುದನ್ನೇ ಯೆಹೂದಿ ಧರ್ಮ ದಿನಕ್ಕೆ ಎರಡು ಸಲ ಮಾಡುವ ಕೆಲಸವಾಗಿಸಿದೆ. ನಿನ್ನೆ ಒಪ್ಪಿದ್ದು ಇವತ್ತಿಗೆ ಸಾಲದು.

ಮನಸ್ಸು ಒಳ್ಳೆಯದಿದ್ದರೆ ಸಾಲದಾ? ನಿಯಮಗಳು ಯಾಕೆ?

12ನೇ ಶತಮಾನದಲ್ಲಿ ಕವಿ ಯೆಹೂದಾ ಹಾಲೇವಿ ಇದೇ ಪ್ರಶ್ನೆಯನ್ನಿಟ್ಟುಕೊಂಡು ಒಂದು ಸಂವಾದ ಬರೆದರು. ಹೆಸರು ಕುಜಾರಿ. ಖಜಾರರು ಎಂಬ ಜನಾಂಗದ ರಾಜನೊಬ್ಬನಿಗೆ ಕನಸಿನಲ್ಲಿ ದೇವದೂತ ಬಂದು ಹೇಳುತ್ತಾನೆ: ನಿನ್ನ ಉದ್ದೇಶ ದೇವರಿಗೆ ಮೆಚ್ಚುಗೆ, ನಿನ್ನ ನಡೆ ಅಲ್ಲ. ಆ ರಾಜ ಪಾಪ, ತನ್ನ ಧರ್ಮವನ್ನು ಭಕ್ತಿಯಿಂದಲೇ ಪಾಲಿಸುತ್ತಿದ್ದವನು. ಕನಸು ಮತ್ತೆ ಬೀಳುತ್ತದೆ. ಸರಿಯಾದ ನಡೆ ಯಾವುದು ಅಂತ ತತ್ತ್ವಜ್ಞಾನಿಯನ್ನು, ಕ್ರೈಸ್ತನನ್ನು, ಮುಸ್ಲಿಮನನ್ನು ಕೇಳಿ ಕೊನೆಗೆ ಯೆಹೂದಿಯ ಹತ್ತಿರ ಬರುತ್ತಾನೆ.

ಯೆಹೂದಿ ಪಂಡಿತ ತನ್ನ ದೇವರನ್ನು ಪರಿಚಯಿಸುವುದು ಆಕಾಶ ಭೂಮಿಗಳನ್ನು ಉಂಟುಮಾಡಿದವನು ಅಂತ ಅಲ್ಲ. ನಮ್ಮ ಹಿರಿಯರನ್ನು ಈಜಿಪ್ಟಿನಿಂದ ಬಿಡಿಸಿ ತಂದವನು ಅಂತ. ರಾಜನಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಹಾಲೇವಿಯ ಮಾತು ಗಟ್ಟಿ. ತರ್ಕದಿಂದ ಸಿಗುವ ದೇವರಿಗೆ ನಾವು ಏನೂ ಮಾಡಬೇಕಾಗಿಲ್ಲ. ಬಿಡುಗಡೆ ಮಾಡಿದ ದೇವರಿಗೆ ಋಣಿಗಳು ನಾವು. ಆಜ್ಞೆಗಳು ಹುಟ್ಟುವುದು ಆ ಋಣದಿಂದ.

ನಂಬಿಕೆ ಇಲ್ಲದೆ ಆಚರಿಸಿದರೆ ಅದು ಲೆಕ್ಕಕ್ಕೆ ಬರುತ್ತಾ?

ಕಾನೂನಿನ ಮಟ್ಟದಲ್ಲಿ ಈ ಚರ್ಚೆ ನಡೆಯುವುದು ಉದ್ದೇಶದ ಹೆಸರಲ್ಲಿ. ಇದು ಆಜ್ಞೆ, ಇದನ್ನು ಪಾಲಿಸುತ್ತಿದ್ದೇನೆ ಅನ್ನುವ ಮನಸ್ಸು ಇರಬೇಕೋ ಬೇಡವೋ? 16ನೇ ಶತಮಾನದ ಕಾನೂನು ಸಂಗ್ರಹ ಶುಲ್ಖಾನ್ ಆರುಖ್ ಪ್ರಕಾರ ಇರಬೇಕು. ಆದರೂ ತಾಲ್ಮುದ್‌ನಲ್ಲಿ ಒಂದು ಪ್ರಸಂಗ ಇದೆ. ಈಜಿಪ್ಟಿನಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಹುಳಿಯಿಲ್ಲದ ರೊಟ್ಟಿ, ಮಾತ್ಸಾ, ತಿನ್ನುವುದು ಆಜ್ಞೆ. ಒಬ್ಬ ಯೆಹೂದಿಯನ್ನು ಪರ್ಷಿಯನ್ನರು ಬಲವಂತ ಮಾಡಿ ಮಾತ್ಸಾ ತಿನ್ನಿಸಿದರು ಅಂತಿಟ್ಟುಕೊಳ್ಳಿ. ಅವನು ಆಜ್ಞೆ ಪಾಲಿಸಿದ ಹಾಗಾಯಿತಾ? ಆಯಿತು ಅನ್ನುತ್ತದೆ ತಾಲ್ಮುದ್. ಹೊಟ್ಟೆಗೆ ಹೋಯಿತಲ್ಲ!

ದಾನದ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ನಿಮ್ಮ ಕೈಯಿಂದ ಒಂದು ನಾಣ್ಯ ಜಾರಿ ಬಿತ್ತು. ನಿಮಗೆ ಗೊತ್ತೇ ಆಗಲಿಲ್ಲ. ಬಡವನೊಬ್ಬನಿಗೆ ಸಿಕ್ಕಿ ಅವತ್ತಿನ ಊಟ ಆಯಿತು. ಅದಕ್ಕೂ ನಿಮಗೆ ಆಶೀರ್ವಾದ ಇದೆ ಅನ್ನುತ್ತಾರೆ ಹಳೆಯ ರಬ್ಬಿಗಳು. ಹಸಿದವನಿಗೆ ಊಟ ಸಿಗಲು ಕೊಡುವವನ ಮನಸ್ಸು ಶುದ್ಧವಾಗುವವರೆಗೆ ಕಾಯಬೇಕಾಗಿಲ್ಲ. ಈ ಮಾತು ನನಗೆ ತುಂಬಾ ಇಷ್ಟ.

ಸ್ವಾರ್ಥಕ್ಕೋ ಹೆಸರಿಗೋ ಮಾಡಿದರೆ? ಆದರೂ ಮಾಡು ಅನ್ನುತ್ತಾರೆ ರಾವ್ ಎಂಬ ಹೆಸರಿನ ರಬ್ಬಿ. ಬೇರೆ ಕಾರಣಕ್ಕೆ ಶುರುವಾದದ್ದು ಮುಂದೆ ಅದರದೇ ಸಲುವಾಗಿ ಮಾಡುವ ಹಂತಕ್ಕೆ ಬರುತ್ತದೆ.

'ನನ್ನನ್ನು ಬಿಟ್ಟರೂ ಸರಿ, ನನ್ನ ತೋರಾವನ್ನು ಬಿಡಬೇಡಿ' ಅಂತ ದೇವರೇ ಹೇಳಿದ್ದಾನಂತಲ್ಲ?

ಹೌದು, ತಾಲ್ಮುದ್‌ನ ಎರಡು ರೂಪಗಳಲ್ಲಿ ಒಂದಾದ ಜೆರುಸಲೇಮ್ ತಾಲ್ಮುದ್‌ನಲ್ಲಿ ಈ ಅರ್ಥದ ಮಾತಿದೆ. ತೋರಾ ಅಂದರೆ ಮೋಶೆಯ ಐದು ಗ್ರಂಥಗಳು, ದೇವರ ಆಜ್ಞೆಗಳಿರುವುದು ಅದರಲ್ಲೇ. ಯೆರೆಮೀಯ ಪ್ರವಾದಿಯ ಒಂದು ವಚನಕ್ಕೆ ರಬ್ಬಿಗಳು ಕೊಟ್ಟ ವಿವರಣೆ ಅದು. ನಾಸ್ತಿಕ ಯೆಹೂದಿಗಳಿಗೆ ಬಲು ಮೆಚ್ಚಿನ ಮಾತು. ಆದರೆ ಬಹಳ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ಪೂರ್ತಿ ಓದಿದರೆ: ಅವರು ನನ್ನನ್ನು ಬಿಟ್ಟು ನನ್ನ ತೋರಾವನ್ನಾದರೂ ಉಳಿಸಿಕೊಂಡಿದ್ದರೆ, ಅದರಲ್ಲಿರುವ ಶಕ್ತಿಯೇ ಅವರನ್ನು ನನ್ನ ಹತ್ತಿರಕ್ಕೆ ಕರೆತರುತ್ತಿತ್ತು. ನಂಬಿಕೆ ಬೇಡ ಅನ್ನುವ ಮಾತು ಇದಲ್ಲ. ನಂಬಿಕೆ ಕಳೆದವನಿಗೂ ದಾರಿ ಮುಚ್ಚಿಲ್ಲ, ಮತ್ತು ಆ ದಾರಿ ಆಚರಣೆಯ ಮೂಲಕ ಅನ್ನುವ ಮಾತು.

ಹಂದಿ ಮಾಂಸ ತಿನ್ನದಿರುವುದಕ್ಕೆ ಕಾರಣ ಏನು? ಆರೋಗ್ಯವಾ?

ಕಾರಣ ಹುಡುಕಿದವರಿದ್ದಾರೆ. ರಂಬಂ ಸ್ವತಃ ವೈದ್ಯರಾಗಿ ಆ ಕಡೆಯೂ ನೋಡಿದರು. ಆದರೆ ತೋರಾದಲ್ಲಿ ಕಾರಣ ಬರೆದಿಲ್ಲ. ಕೊಲ್ಲಬೇಡ, ಕದಿಯಬೇಡ ಅನ್ನುವುದನ್ನು ಯಾರೂ ಹೇಳದಿದ್ದರೂ ಬುದ್ಧಿ ಹೇಳುತ್ತದೆ. ಹಂದಿ ತಿನ್ನಬೇಡ, ಉಣ್ಣೆ ಮತ್ತು ನಾರುಬಟ್ಟೆ ಬೆರೆಸಿ ತೊಡಬೇಡ ಅನ್ನುವಂಥವಕ್ಕೆ 'ದೇವರು ಹೇಳಿದ' ಅನ್ನುವುದು ಬಿಟ್ಟು ಬೇರೆ ಆಧಾರ ಕಾಣುವುದಿಲ್ಲ.

ಇಲ್ಲಿ ರಬ್ಬಿ ಎಲಾಜಾರ್ ಬೆನ್ ಅಜರ್ಯ ಹೇಳಿದ್ದು ಕೇಳಿ. 'ನನಗೆ ಹಂದಿ ಮಾಂಸ ಇಷ್ಟ ಇಲ್ಲ' ಅನ್ನಬೇಡ. 'ಇಷ್ಟ ಇದೆ, ಏನು ಮಾಡಲಿ, ಪರಲೋಕದ ನನ್ನ ತಂದೆ ಬೇಡ ಅಂದಿದ್ದಾನೆ' ಅನ್ನು. ಇಷ್ಟ ಇಲ್ಲದ್ದನ್ನು ಬಿಟ್ಟವನು ತನ್ನ ನಾಲಿಗೆ ಹೇಳಿದ್ದನ್ನು ಕೇಳಿದ. ಇಷ್ಟ ಇದ್ದೂ ಬಿಟ್ಟವನು ದೇವರು ಹೇಳಿದ್ದನ್ನು ಕೇಳಿದ. ಎಲ್ಲ ಆಜ್ಞೆಗಳಿಗೂ ಇದು ಸಲ್ಲುವುದಿಲ್ಲ ಅಂತ ರಂಬಂ ಎಚ್ಚರಿಸುತ್ತಾರೆ. 'ನನಗೆ ಕೊಲ್ಲುವ ಆಸೆ ಇದೆ, ಆದರೆ ದೇವರು ಬೇಡ ಅಂದ' ಅನ್ನುವವನು ಸಂತನಲ್ಲ, ಅವನ ಮನಸ್ಸಿಗೆ ಕಾಯಿಲೆ.

ಆಜ್ಞೆ ಪಾಲಿಸಿದರೆ ಒಳ್ಳೆಯದಾಗುತ್ತಾ? ಆಗದಿದ್ದರೆ?

ಇದಕ್ಕೆ ಉತ್ತರ ಹುಡುಕಲು ಹೋಗಿ ಮುರಿದುಹೋದ ಒಬ್ಬರ ಕಥೆ ತಾಲ್ಮುದ್‌ನಲ್ಲಿದೆ. ಎಲಿಷಾ ಬೆನ್ ಅಬೂಯಾ, 2ನೇ ಶತಮಾನದ ದೊಡ್ಡ ಪಂಡಿತರು.

ತೋರಾದಲ್ಲಿ ದೀರ್ಘಾಯುಸ್ಸಿನ ಮಾತು ಕೊಟ್ಟಿರುವ ಆಜ್ಞೆಗಳಲ್ಲಿ ಎರಡು ಇಲ್ಲಿ ಬರುತ್ತವೆ. ಒಂದು, ತಂದೆ ತಾಯಿಯನ್ನು ಗೌರವಿಸು. ಇನ್ನೊಂದು, ಹಕ್ಕಿಯ ಗೂಡು ಕಂಡರೆ ತಾಯಿ ಹಕ್ಕಿಯನ್ನು ಹಾರಿಬಿಟ್ಟು ಆಮೇಲೆ ಮರಿಗಳನ್ನು ತೆಗೆದುಕೋ. ಒಬ್ಬ ಹುಡುಗನಿಗೆ ಅಪ್ಪ ಹೇಳುತ್ತಾನೆ, ಮೇಲೆ ಹತ್ತಿ ಮರಿಗಳನ್ನು ತಾ ಅಂತ. ಹುಡುಗ ಹತ್ತುತ್ತಾನೆ. ತಾಯಿ ಹಕ್ಕಿಯನ್ನು ಹಾರಿಬಿಡುತ್ತಾನೆ. ಮರಿಗಳನ್ನು ಹಿಡಿದು ಇಳಿಯುವಾಗ ಬಿದ್ದು ಸಾಯುತ್ತಾನೆ. ಎರಡು ಆಜ್ಞೆಗಳನ್ನು ಒಟ್ಟಿಗೆ ಪಾಲಿಸುತ್ತಿದ್ದ ಗಳಿಗೆಯಲ್ಲಿ! ಎಲಿಷಾ ಇಂಥದ್ದೊಂದನ್ನು ಕಣ್ಣಾರೆ ಕಂಡು ನಂಬಿಕೆ ಕಳೆದುಕೊಂಡರು ಅನ್ನುವುದು ತಾಲ್ಮುದ್ ಕೊಡುವ ಒಂದು ಕಾರಣ. ಅದೇ ಪುಟದಲ್ಲಿ ಅವರ ಮಗಳ ಮಗ ರಬ್ಬಿ ಯಾಕೋವ್ ಬೇರೆ ಉತ್ತರ ಕೊಡುತ್ತಾರೆ. ಆಜ್ಞೆಯ ಫಲ ಈ ಲೋಕದಲ್ಲಿ ಇಲ್ಲವೇ ಇಲ್ಲ, ದೀರ್ಘಾಯುಸ್ಸು ಅಂದಿದ್ದು ಬರುವ ಲೋಕದ ಬಗ್ಗೆ. ಮೊಮ್ಮಗ ಓದಿದ ಹಾಗೆ ತಾತನೂ ಓದಿದ್ದರೆ ದಾರಿ ಬಿಡುತ್ತಿರಲಿಲ್ಲ ಅಂತ ರಾವ್ ಯೋಸೆಫ್ ಎಂಬ ಇನ್ನೊಬ್ಬ ರಬ್ಬಿ ಮರುಗುತ್ತಾರೆ.

ಎಲಿಷಾರನ್ನು ಆಮೇಲೆ ಎಲ್ಲರೂ ದೂರ ಇಟ್ಟರು. ಶಿಷ್ಯ ರಬ್ಬಿ ಮೇಯಿರ್ ಮಾತ್ರ ಬಿಡಲಿಲ್ಲ. ಒಂದು ಶಬ್ಬಾತ್ ದಿನ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಎಲಿಷಾ ಕುದುರೆ ಏರಿ ಹೊರಟಿದ್ದಾರೆ, ಅದೇ ನಿಷಿದ್ಧ. ಮೇಯಿರ್ ಹಿಂದೆ ಹಿಂದೆ ನಡೆಯುತ್ತಾ ಪಾಠ ಕೇಳುತ್ತಿದ್ದಾರೆ. ಒಂದು ಕಡೆ ಎಲಿಷಾ ನಿಲ್ಲಿಸಿ ಹೇಳುತ್ತಾರೆ: ಮೇಯಿರ್, ವಾಪಸ್ ಹೋಗು, ಕುದುರೆಯ ಹೆಜ್ಜೆ ಎಣಿಸಿದ್ದೇನೆ, ಶಬ್ಬಾತ್ ದಿನ ನಡೆಯಬಹುದಾದ ಎಲ್ಲೆ ಇಲ್ಲಿಗೆ ಮುಗಿಯಿತು. ನೀವೂ ವಾಪಸ್ ಬನ್ನಿ ಅನ್ನುತ್ತಾರೆ ಮೇಯಿರ್. ಅವರು ಬರುವುದಿಲ್ಲ.

ತನಗೆ ಬೇಡವಾದ ನಿಯಮವನ್ನು ಶಿಷ್ಯನಿಗಾಗಿ ಹೆಜ್ಜೆ ಹೆಜ್ಜೆಗೂ ಎಣಿಸುತ್ತಾ ಬಂದ ಈ ಮನುಷ್ಯನನ್ನು ನಾಸ್ತಿಕ ಅಂತ ಒಂದೇ ಮಾತಲ್ಲಿ ತಳ್ಳಿಹಾಕಲು ನನಗಾಗುವುದಿಲ್ಲ. ತಾಲ್ಮುದ್‌ಗೂ ಆಗಲಿಲ್ಲ, ಅದಕ್ಕೇ ಅವರ ಪಾಠಗಳನ್ನು ಉಳಿಸಿಕೊಂಡಿದೆ.

ಬಾಗಿಲಿಗೆ ಕಟ್ಟುವ ಮೆಜುಜಾ ತಾಯತದ ಹಾಗಾ?

ಯೆಹೂದಿ ಮನೆಯ ಬಾಗಿಲ ಬಲಗಡೆ ಚೌಕಟ್ಟಿಗೆ ಒಂದು ಸಣ್ಣ ಉದ್ದನೆಯ ಡಬ್ಬಿ ಇರುತ್ತದೆ. ಒಳಗೆ ಶೆಮಾದ ಎರಡು ಭಾಗಗಳನ್ನು ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆದು ಸುರುಳಿ ಸುತ್ತಿಟ್ಟಿರುತ್ತಾರೆ. ಇದು ಮನೆ ಕಾಯುತ್ತದೆ ಅಂತ ನಂಬುವವರು ಮೊದಲಿನಿಂದಲೂ ಇದ್ದಾರೆ. ರಂಬಂ ಕಾಲದಲ್ಲಿ ಕೆಲವರು ಹಾಳೆಯ ಒಳಗೆ ದೇವದೂತರ ಹೆಸರು, ಮುದ್ರೆಗಳನ್ನೂ ಬರೆಯುತ್ತಿದ್ದರು. ರಂಬಂ ಕೆರಳಿಬಿಟ್ಟರು. ದೇವರು ಒಬ್ಬನೇ, ಅವನನ್ನು ಪ್ರೀತಿಸಬೇಕು, ಸೇವಿಸಬೇಕು ಅನ್ನುವ ದೊಡ್ಡ ಆಜ್ಞೆಯನ್ನು ಇವರು ತಮ್ಮ ಲಾಭದ ತಾಯತ ಮಾಡಿಕೊಂಡರು ಅಂತ ಬರೆದು, ಅಂಥವರಿಗೆ ಬರುವ ಲೋಕದಲ್ಲಿ ಪಾಲಿಲ್ಲ ಅಂದರು. ಆಚರಣೆ ಮೇಲ್ನೋಟಕ್ಕೆ ಅದೇ, ಡಬ್ಬಿ ಅದೇ. ಹಿಂದಿನ ನಂಬಿಕೆ ಕೆಟ್ಟರೆ ಆಜ್ಞೆಯೇ ಕೆಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಂಬಿಕೆಯನ್ನು ಕೇಳುವುದೇ ಇಲ್ಲ, ಇದು ಬರೀ ಕಾನೂನು ಅಂದವರು ಇದ್ದಾರಾ?

ಅದಕ್ಕೆ ಹತ್ತಿರದ ಮಾತು ಹೇಳಿದವರು ಮೋಸೆಸ್ ಮೆಂಡೆಲ್ಸನ್. ಬರ್ಲಿನ್‌ನಲ್ಲಿದ್ದ ಈ ತತ್ತ್ವಜ್ಞಾನಿ 1783ರಲ್ಲಿ ಬರೆದರು: ಸೀನಾಯ್‌ನಲ್ಲಿ ದೇವರು ಕೊಟ್ಟದ್ದು ಬದುಕುವ ಕಟ್ಟಳೆ, ನಂಬಬೇಕಾದ ಸಿದ್ಧಾಂತ ಅಲ್ಲ. ದೇವರಿದ್ದಾನೆ ಅನ್ನುವ ಸತ್ಯ ಎಲ್ಲ ಮನುಷ್ಯರ ಬುದ್ಧಿಗೂ ಸಿಗುತ್ತದೆ. ಗಮನಿಸಿ, ನಂಬಿಕೆ ಬೇಡ ಅಂತ ಅವರು ಅನ್ನಲಿಲ್ಲ, ಅದಕ್ಕೆ ಆಜ್ಞೆ ಇಲ್ಲ ಅಂದರು.

20ನೇ ಶತಮಾನದಲ್ಲಿ ಜೆರುಸಲೇಮಿನ ಪ್ರೊಫೆಸರ್ ಯೆಶಯಾಹು ಲೈಬೋವಿಟ್ಜ್ ಇದನ್ನು ಇನ್ನೂ ತುದಿಗೆ ಒಯ್ದರು. ರಸಾಯನಶಾಸ್ತ್ರ ಮತ್ತು ವೈದ್ಯ ಎರಡನ್ನೂ ಓದಿದವರು, 1994ರಲ್ಲಿ ತೀರಿಕೊಳ್ಳುವವರೆಗೂ ಆಜ್ಞೆಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದವರು. ಅವರಿಗೆ ನಂಬಿಕೆ ಅಂದರೆ ಆಜ್ಞೆಗಳ ನೊಗ ಹೊರುವ ತೀರ್ಮಾನ, ಅಷ್ಟೇ. ಅದರ ಆಚೆ ದೇವರ ಬಗ್ಗೆ ಹೇಳಲು ಏನೂ ಇಲ್ಲ. ಮಗು ಹುಷಾರಾಗಲಿ, ಮಳೆ ಬರಲಿ ಅಂತ ಪ್ರಾರ್ಥಿಸುವವನು ತನ್ನ ಸೇವೆ ಮಾಡಿಕೊಳ್ಳುತ್ತಿದ್ದಾನೆ, ದೇವರದ್ದಲ್ಲ. ಅವರ ಪ್ರಾಮಾಣಿಕತೆ ನನಗೆ ದೊಡ್ಡದು. ಆದರೆ ಬೈಬಲಿನ ಕೀರ್ತನೆಗಳ ಗ್ರಂಥದ ಅಳು, ಬೇಡಿಕೆ, ಜಗಳ ಎಲ್ಲವನ್ನೂ ಪಕ್ಕಕ್ಕಿಟ್ಟರೆ ಯೆಹೂದಿ ಪ್ರಾರ್ಥನೆಯಲ್ಲಿ ಉಳಿಯುವುದು ಬಹಳ ಕಡಿಮೆ.

ಯೆಹೂದಿಯಾಗಿದ್ದುಕೊಂಡು ನಾಸ್ತಿಕರಾಗಿರಬಹುದಾ?

ಸಾಂಪ್ರದಾಯಿಕ ಕಾನೂನಿನ ಪ್ರಕಾರ ಯೆಹೂದಿ ತಾಯಿಗೆ ಹುಟ್ಟಿದವರು ಯೆಹೂದಿ. ನಂಬಿಕೆ ಹೋದರೂ ಅದು ಹೋಗುವುದಿಲ್ಲ, ಆಜ್ಞೆಗಳ ಹೊಣೆಯೂ ತಪ್ಪುವುದಿಲ್ಲ. ಇಸ್ರೇಲಿನ ಯೆಹೂದಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಮ್ಮನ್ನು ಸೆಕ್ಯುಲರ್ ಅಂತ ಕರೆದುಕೊಳ್ಳುತ್ತಾರೆ. ಅವರಲ್ಲೂ ಬಹುಪಾಲು ಜನ ಪಸ್ಕ ಹಬ್ಬದ ರಾತ್ರಿ ಸೆದರ್ ಊಟಕ್ಕೆ ಕೂರುತ್ತಾರೆ. ಅಮೆರಿಕದಲ್ಲಿ ರಬ್ಬಿ ಮೊರ್ದೆಕಾಯ್ ಕಪ್ಲನ್ ಆಜ್ಞೆಗಳನ್ನು ಜನಾಂಗದ ರೂಢಿಗಳು ಅಂತ ವಿವರಿಸಿದರು. 1945ರಲ್ಲಿ ಕೆಲವು ಸಾಂಪ್ರದಾಯಿಕ ರಬ್ಬಿಗಳು ಅವರನ್ನು ಬಹಿಷ್ಕರಿಸಿದರು, ಅವರ ಪ್ರಾರ್ಥನಾ ಪುಸ್ತಕವನ್ನು ಸುಟ್ಟರು. ರೂಢಿ ಅಂತ ದೀಪ ಹಚ್ಚುವುದರಲ್ಲಿ ತಪ್ಪೇನೂ ಇಲ್ಲ. ಆದರೆ ರೂಢಿಯನ್ನು ಅನುಕೂಲ ನೋಡಿ ಬಿಡಬಹುದು, ಆಜ್ಞೆಯನ್ನು ಹಾಗೆ ಬಿಡಲಾಗದು. ಕಷ್ಟ ಬಂದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ನಾಜಿಗಳು ನಡೆಸಿದ ಮಹಾ ಹತ್ಯಾಕಾಂಡದ ನಂತರವೂ ಆಜ್ಞೆ ಪಾಲಿಸಿದವರು ಹೇಗೆ ಪಾಲಿಸಿದರು?

ನಂತರ ಮಾತ್ರ ಅಲ್ಲ, ಅದರ ನಡುವೆಯೇ. ಲಿಥುವೇನಿಯಾದ ಕೊವ್ನೊ ಗೆಟ್ಟೊದಲ್ಲಿ ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿ ಜೀತಕ್ಕೆ ದುಡಿಸುತ್ತಿದ್ದರು. ಅಲ್ಲಿದ್ದ ರಬ್ಬಿ ಎಫ್ರಾಯಿಂ ಓಶ್ರಿಯ ಹತ್ತಿರ ಜನ ಧರ್ಮಸಂದೇಹಗಳನ್ನು ತರುತ್ತಿದ್ದರು. ಅವರು ಪ್ರಶ್ನೆಗಳನ್ನು ಕಾಗದದ ಚೂರುಗಳಲ್ಲಿ ಗೀಚಿ ಡಬ್ಬಿಗಳಲ್ಲಿ ಹೂತಿಟ್ಟು ಯುದ್ಧ ಮುಗಿದ ಮೇಲೆ ತೆಗೆದರು. ಅದರಲ್ಲೊಂದು: ಬೆಳಗಿನ ಪ್ರಾರ್ಥನೆಯಲ್ಲಿ 'ನನ್ನನ್ನು ದಾಸನಾಗಿ ಮಾಡದ ದೇವರಿಗೆ ಸ್ತೋತ್ರ' ಅನ್ನುವ ಮಾತಿದೆ. ನಾವೀಗ ದಾಸರೇ ಆಗಿರುವಾಗ ಅದನ್ನು ಹೇಗೆ ಹೇಳುವುದು? ಬಿಡಬೇಡಿ, ಈಗಂತೂ ಹೇಳಲೇಬೇಕು ಅಂತ ಓಶ್ರಿ ತೀರ್ಪು ಕೊಟ್ಟರು. ದೇಹ ನಾಜಿಗಳ ವಶದಲ್ಲಿದ್ದರೂ ನಾವು ಸ್ವತಂತ್ರರು ಅಂತ ನಾಜಿಗಳಿಗೂ ಗೊತ್ತಾಗಲಿ ಅನ್ನುವುದು ಅವರ ವಾದ. 'ದೇವರು ಎಲ್ಲಿದ್ದಾನೆ' ಅಂತ ಕೇಳಿದವರೂ ಆಗ ಬೇಕಾದಷ್ಟು ಜನ ಇದ್ದರು. ಅವರನ್ನು ತಪ್ಪು ಅನ್ನುವ ಹಕ್ಕು ನಮಗಿಲ್ಲ.

ಯೆಹೂದಿ ಧರ್ಮಕ್ಕೆ ಸೇರಬೇಕಾದರೆ ಏನನ್ನು ನಂಬಬೇಕು?

ತಾಲ್ಮುದ್ ಪ್ರಕಾರ ಸೇರಲು ಬಂದವರನ್ನು ಮೊದಲು ಕೇಳುವುದು, ಯಾಕೆ ಬಂದೆ, ಇಸ್ರಾಯೇಲ್ಯರು ಕಷ್ಟದಲ್ಲಿರುವುದು ಗೊತ್ತಿಲ್ಲವಾ ಅಂತ. 'ಗೊತ್ತು, ನನಗೆ ಆ ಯೋಗ್ಯತೆಯೂ ಇಲ್ಲ' ಅಂದರೆ ತಕ್ಷಣ ಒಪ್ಪಿ, ಕೆಲವು ಹಗುರ, ಕೆಲವು ಕಠಿಣ ಆಜ್ಞೆಗಳನ್ನು ತಿಳಿಸುತ್ತಾರೆ. ದೇವರ ಬಗ್ಗೆ ಪಾಠ ಅಲ್ಲಿಲ್ಲ. ರಂಬಂ ಇದನ್ನು ತಮ್ಮ ಪುಸ್ತಕಕ್ಕೆ ತರುವಾಗ ಒಂದು ಸಾಲು ಸೇರಿಸಿದರು: ದೇವರ ಏಕತೆ, ವಿಗ್ರಹಾರಾಧನೆಯ ನಿಷೇಧ, ಇವನ್ನು ಅವರಿಗೆ ವಿವರವಾಗಿ ತಿಳಿಸಬೇಕು. ಯೆಹೂದಿಗಳಲ್ಲದವರು ಮತ ಬದಲಿಸಲೇಬೇಕು ಅಂತೇನೂ ಇಲ್ಲ. ಅವರಿಗೆ ನೋಹನ ಏಳು ಆಜ್ಞೆಗಳು, ಅಂದರೆ ಎಲ್ಲ ಮನುಷ್ಯರಿಗೂ ಕೊಟ್ಟ ಮೂಲ ಆಜ್ಞೆಗಳು, ಸಾಕು.

ನಮ್ಮ ಕಡೆಗೂ ಇದಕ್ಕೂ ಏನಾದರೂ ನಂಟಿದೆಯಾ?

ಇದೆ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಬಹಳ ವರ್ಷ ಇದ್ದ, ಹಿತ್ತಾಳೆ ಪಾತ್ರೆ ಮಾಡಿಸುತ್ತಿದ್ದ. 1132ರಲ್ಲಿ ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿದ. ಇದ್ದದ್ದು ಅರಬ್ಬೀ ಸಮುದ್ರದ ಈ ದಂಡೆಯಲ್ಲಾದರೂ ಬಿಡುಗಡೆ ಪತ್ರವನ್ನು ಯೆಹೂದಿ ಕಾನೂನಿನ ಪ್ರಕಾರವೇ ಬರೆದ. ಅವನ ಕಾಗದಪತ್ರಗಳು ಕೊನೆಗೆ ಸಿಕ್ಕಿದ್ದು ಫುಸ್ತಾತ್‌ನ ಸಿನಗಾಗ್‌ನಲ್ಲಿ (ಯೆಹೂದಿ ಪ್ರಾರ್ಥನಾಲಯದಲ್ಲಿ), ರಂಬಂ ಬದುಕಿದ ಊರಿನಲ್ಲೇ.

ಇನ್ನೂ ಹತ್ತಿರದ್ದು ಕೊಂಕಣದ ಬೆನೆ ಇಸ್ರೇಲ್ ಸಮುದಾಯ. ಇವರ ಕೈಯಲ್ಲಿ ತೋರಾ ಇರಲಿಲ್ಲ, ತಾಲ್ಮುದ್ ಇರಲಿಲ್ಲ. ಎಣ್ಣೆ ತೆಗೆಯುವುದು ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರಿನವರು ಇವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಅನ್ನುತ್ತಿದ್ದರು. ಸುನ್ನತಿ ಉಳಿದಿತ್ತು, ಶೆಮಾದ ಮೊದಲ ಸಾಲು ಉಳಿದಿತ್ತು. ಅವರಲ್ಲಿ ಹೇಳಿಕೊಂಡು ಬಂದ ಕಥೆಯ ಪ್ರಕಾರ ದಾವೀದ್ ರಹಾಬಿ ಎಂಬ ಯೆಹೂದಿ ಇವರಲ್ಲಿಗೆ ಬಂದು, ಇವರು ನಿಜಕ್ಕೂ ತನ್ನವರೇ ಅಂತ ನೋಡಲು ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟ. ಯೆಹೂದಿ ಕಾನೂನಿನಲ್ಲಿ ನಿಷಿದ್ಧವಾದ, ರೆಕ್ಕೆ, ಪೊರೆ ಇಲ್ಲದ ಮೀನುಗಳನ್ನು ಅವರು ಪಕ್ಕ ತೆಗೆದಿಟ್ಟರು, ಅವು ತಾವು ತಿನ್ನುವಂಥವಲ್ಲ ಅಂತ. ಅವನಿಗೆ ಅಷ್ಟು ಸಾಕಾಯಿತು.

ಇವರಲ್ಲಿ ಬಹಳ ಜನ ಇಸ್ರೇಲಿಗೆ ಹೋದ ಮೇಲೆ, 1960ರ ದಶಕದ ಮೊದಲಲ್ಲಿ, ಅಲ್ಲಿನ ಕೆಲವು ರಬ್ಬಿಗಳು ಇವರ ಜೊತೆ ಮದುವೆ ಮಾಡಿಸಲು ಹಿಂದೆಮುಂದೆ ನೋಡಿದರು. ದೇವರನ್ನು ನಂಬುತ್ತೀರಾ ಅಂತ ಆಗಲೂ ಯಾರೂ ಕೇಳಲಿಲ್ಲ. ಅನುಮಾನ ಬಂದದ್ದು ಇವರ ಹಿರಿಯರು ಮದುವೆ, ವಿಚ್ಛೇದನಗಳನ್ನು ಕಾನೂನಿನ ಪ್ರಕಾರ ಮಾಡಿದ್ದರಾ ಅಂತ. ಬೆನೆ ಇಸ್ರೇಲ್ ಜನ ಬೀದಿಗಿಳಿದು ಪ್ರತಿಭಟಿಸಿದರು. 1964ರಲ್ಲಿ ಇವರು ಎಲ್ಲ ರೀತಿಯಲ್ಲೂ ಪೂರ್ಣ ಯೆಹೂದಿಗಳು ಅನ್ನುವ ಘೋಷಣೆ ಬಂತು.